ಮನೆ ಆರೈಕೆ ಸಂಸ್ಥೆ

ಮನೆ ಆರೈಕೆ ಸಂಸ್ಥೆಯು ವೃದ್ಧರು, ದೀರ್ಘಕಾಲದ ರೋಗಿಗಳು ಹಾಗೂ ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳುತ್ತಿರುವವರಿಗೆ ಅವರ ಮನೆಯಲ್ಲಿಯೇ ಶುಶ್ರೂಷೆ ಮತ್ತು ದೈನಂದಿನ ನೆರವನ್ನು ಒದಗಿಸುವ ಸಂಸ್ಥೆಯಾಗಿದೆ. ಆಡುಮಾತಿನಲ್ಲಿ ಇದನ್ನು ‘ಹೋಮ್ ಕೇರ್’ ಎನ್ನುತ್ತಾರೆ. ಇದರ ಮೂಲಕ ಬರುವವರನ್ನು, ಅವರ ತರಬೇತಿ ಏನೇ ಇರಲಿ, ‘ಹೋಮ್ ನರ್ಸ್’ ಎಂದು ಕರೆಯುವ ರೂಢಿಯಿದೆ. ವಾಸ್ತವದಲ್ಲಿ ಶುಶ್ರೂಷಾ ಶಿಕ್ಷಣ ಪಡೆದು ನೋಂದಾಯಿತರಾದ ನರ್ಸ್‌ಗಳು ಬೇರೆ, ಸ್ನಾನ, ಊಟ, ನಡಿಗೆ ಮೊದಲಾದವುಗಳಲ್ಲಿ ನೆರವಾಗುವ ಆರೈಕೆದಾರರು ಬೇರೆ. ಚುಚ್ಚುಮದ್ದು ನೀಡುವುದು, ಕ್ಯಾಥೆಟರ್ ಬದಲಿಸುವುದು ಮೊದಲನೆಯವರ ಕೆಲಸ. ಈ ಭೇದವನ್ನು ಕುಟುಂಬಕ್ಕೆ ಮೊದಲ ದಿನವೇ ತಿಳಿಸದ ಸಂಸ್ಥೆಯು ರೋಗಿಯನ್ನೂ ಆರೈಕೆದಾರರನ್ನೂ ಅಪಾಯಕ್ಕೆ ಒಡ್ಡುತ್ತದೆ.

ಕರ್ನಾಟಕದಲ್ಲಿ ಬೆಳವಣಿಗೆ

2011ರ ಜನಗಣತಿಯಂತೆ ಭಾರತದ ಜನಸಂಖ್ಯೆಯಲ್ಲಿ 60 ವರ್ಷ ದಾಟಿದವರ ಪ್ರಮಾಣ ಶೇ. 8.6ರಷ್ಟಿದ್ದರೆ ಕರ್ನಾಟಕದಲ್ಲಿ ಅದು ಶೇ. 9.5ರಷ್ಟಿತ್ತು. ರಾಜ್ಯದಲ್ಲಿ ಈ ಸೇವೆಯ ಸಂಘಟಿತ ರೂಪವು ಬೆಂಗಳೂರಿನಲ್ಲಿ 1990ರ ದಶಕದಲ್ಲಿ ಕಾಣಿಸಿಕೊಂಡಿತು. 1994ರಲ್ಲಿ ಸ್ಥಾಪನೆಯಾದ ಕರುಣಾಶ್ರಯವು ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುತ್ತದೆ. ಅದರ ತಂಡಗಳು ರೋಗಿಗಳ ಮನೆಗಳಿಗೂ ಹೋಗುತ್ತವೆ. 1996ರಲ್ಲಿ ನೈಟಿಂಗೇಲ್ಸ್ ಸಂಸ್ಥೆಯು ಮನೆ ಆರೈಕೆ ಸೇವೆಯನ್ನು ಆರಂಭಿಸಿತು. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ಬೆಂಗಳೂರು ನಗರ ಪೊಲೀಸರು ಕೂಡಿ 2002ರಲ್ಲಿ ತೆರೆದ 1090 ಹಿರಿಯರ ಸಹಾಯವಾಣಿ ಪ್ರಸಿದ್ಧವಾಗಿದೆ. ಮೀನಾ ಗಣೇಶ್ ಮತ್ತು ಕೆ. ಗಣೇಶ್ ಅವರು 2013ರಲ್ಲಿ ಆರಂಭಿಸಿದ ಪೋರ್ಟಿಯಾ ಈ ಸೇವೆಯನ್ನು ಬೃಹತ್ ಉದ್ಯಮದ ರೂಪಕ್ಕೆ ತಂದ ಸಂಸ್ಥೆಗಳಲ್ಲಿ ಒಂದು.

ದುಡಿಮೆಯ ಅವಧಿ ಮತ್ತು ಆರೈಕೆಯ ಗುಣಮಟ್ಟ

ಈ ಉದ್ಯಮದಲ್ಲಿ 12 ಗಂಟೆಯ ಹಾಗೂ 24 ಗಂಟೆಯ ‘ಡ್ಯೂಟಿ’ಗಳು ರೂಢಿಯಲ್ಲಿವೆ. 30 ದಿನಗಳ ತಿಂಗಳಿಗೆ 720 ಗಂಟೆಗಳು. ದಿನಕ್ಕೆ 8 ಗಂಟೆಯಂತೆ 26 ದಿನ ದುಡಿಯುವವರ ಪಾಲಿಗೆ ಬರುವುದು 208 ಗಂಟೆ. ಅಂದರೆ ಹಗಲಿರುಳು ಆರೈಕೆ ಬೇಕಾದ ಒಬ್ಬ ರೋಗಿಗೆ ಸರಾಸರಿ ಮೂವರೂವರೆ ಜನರ ದುಡಿಮೆ ಬೇಕು. ಒಬ್ಬರನ್ನೇ ಮನೆಯಲ್ಲಿ ಉಳಿಸಿಕೊಳ್ಳುವ 24 ಗಂಟೆಯ ವ್ಯವಸ್ಥೆಯು ಅಗ್ಗವಾಗಿ ಕಾಣುವುದು ಈ ಲೆಕ್ಕವನ್ನು ಬದಿಗಿಟ್ಟಾಗ ಮಾತ್ರ.

ಇದರ ಪರಿಣಾಮವು ರೋಗಿಯ ದೇಹದ ಮೇಲೆಯೇ ಆಗುತ್ತದೆ. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರಿಗೆ ಹಾಸಿಗೆ ಹುಣ್ಣು ಆಗದಂತೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಗಲೆಲ್ಲ ದುಡಿದವರು ರಾತ್ರಿಯೂ ಎರಡು ಗಂಟೆಗೊಮ್ಮೆ ಏಳಬೇಕೆಂದರೆ ನಿದ್ರೆ ಎಲ್ಲಿಂದ ಬಂದೀತು? ದಣಿದವರ ಕೈಯಲ್ಲಿ ಔಷಧದ ಹೊತ್ತು ತಪ್ಪುತ್ತದೆ, ರೋಗಿಯನ್ನು ಎತ್ತುವಾಗ ಸೊಂಟ ಉಳುಕುತ್ತದೆ. ಅವರು ಕೆಲಸ ಬಿಟ್ಟರೆ ಹೊಸಬರು ಬರುತ್ತಾರೆ. ಮರೆವಿನ ಕಾಯಿಲೆಯ ಹಿರಿಯರಿಗೆ ಹೊಸ ಮುಖವೇ ಗಾಬರಿ ಹುಟ್ಟಿಸಬಲ್ಲದು. ಆದುದರಿಂದ ಸಂಸ್ಥೆಯೊಂದನ್ನು ಅಳೆಯಲು ಜಾಹೀರಾತಿಗಿಂತ ಮೂರು ಪ್ರಶ್ನೆಗಳು ಉಪಯುಕ್ತ: ಒಬ್ಬರೇ ಆರೈಕೆದಾರರು ಎಷ್ಟು ತಿಂಗಳು ಉಳಿಯುತ್ತಾರೆ, ವಾರದ ರಜೆಯಲ್ಲಿ ಬದಲಿ ಯಾರು, ಕುಟುಂಬ ಕೊಡುವ ಹಣದಲ್ಲಿ ಅವರ ಕೈ ಸೇರುವುದೆಷ್ಟು.

ನೆದರ್ಲೆಂಡ್ಸ್‌ನಲ್ಲಿ 2006ರಲ್ಲಿ ಯೋಸ್ ದೆ ಬ್ಲಾಕ್ ಆರಂಭಿಸಿದ ಬ್ಯೂರ್ಟ್‌ಜೋರ್ಗ್ ಈ ವಿಷಯದಲ್ಲಿ ಹೆಸರಾದ ಪ್ರಯೋಗ. ಅಲ್ಲಿ ಗರಿಷ್ಠ 12 ಜನರ ನರ್ಸ್ ತಂಡಗಳು ತಮ್ಮ ಸರದಿಯನ್ನು ತಾವೇ ನಿರ್ಧರಿಸುತ್ತವೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1985ರಿಂದ ನಡೆಯುತ್ತಿರುವ ಸಂಸ್ಥೆಯೊಂದಕ್ಕೆ ಆರೈಕೆದಾರರೇ ಒಡೆಯರು. ಅದು ಕಾರ್ಮಿಕರ ಸಹಕಾರ ಸಂಘ.

ಕಾನೂನು

ಕರ್ನಾಟಕವು ಮನೆಗೆಲಸದವರಿಗೆ 2004ರಲ್ಲಿ ಕನಿಷ್ಠ ವೇತನ ನಿಗದಿಪಡಿಸಿತು. ಸಂಸ್ಥೆಯ ನೌಕರರಾಗಿ ನೇಮಕಗೊಂಡವರಿಗೆ, ಸಿಬ್ಬಂದಿ 10 ಅಥವಾ ಹೆಚ್ಚಿದ್ದರೆ, ಕಾರ್ಮಿಕ ರಾಜ್ಯ ವಿಮೆ (ಇಎಸ್ಐ) ಅನ್ವಯಿಸುತ್ತದೆ. 2017ರಲ್ಲಿ ಇದರ ವೇತನ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ‘ನಾವು ಕೆಲಸ ಹುಡುಕಿಕೊಡುವವರು ಮಾತ್ರ’ ಎಂದು ಹೇಳಿ ಕಮಿಷನ್ ಪಡೆಯುವ ಏಜೆನ್ಸಿಗಳಲ್ಲಿ ಈ ರಕ್ಷಣೆ ಕೈತಪ್ಪುತ್ತದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು ವಾಸದ ಮನೆಯನ್ನೂ ಕೆಲಸದ ಸ್ಥಳವೆಂದು ಪರಿಗಣಿಸುತ್ತದೆ. ಬಾಗಿಲು ಮುಚ್ಚಿದ ಮನೆಯಲ್ಲಿ ಒಬ್ಬರೇ ದುಡಿಯುವ ಮಹಿಳೆಯರಿಗೆ ಇದು ಮುಖ್ಯ.

ಗ್ರಾಮೀಣ ಪ್ರದೇಶಗಳಲ್ಲಿ

ಸಿರಾ ತಾಲೂಕಿನ ಬರಗೂರಿನಂತಹ ಊರುಗಳಲ್ಲಿ, ಹಾಗೆಯೇ ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ, ದುಡಿಯುವ ಮಕ್ಕಳು ಬೆಂಗಳೂರಿನಲ್ಲಿದ್ದು ಹೆತ್ತವರು ಊರಿನಲ್ಲಿ ಉಳಿದ ಮನೆಗಳಿವೆ. ಆಶಾ ಕಾರ್ಯಕರ್ತೆಯರು ಮನೆಗೆ ಭೇಟಿ ನೀಡುತ್ತಾರಾದರೂ ದಿನವಿಡೀ ಜೊತೆಗಿರುವುದು ಅವರ ಕೆಲಸವಲ್ಲ. ನಗರದ ಮಾದರಿಯನ್ನು ಇಲ್ಲಿಗೆ ಹಾಗೆಯೇ ತರಲಾಗದು. ಬೆಳಿಗ್ಗೆ ಬರಗೂರಿನ ಒಂದು ಮನೆ, ಮಧ್ಯಾಹ್ನ ಸಿರಾದ ಇನ್ನೊಂದು ಮನೆ ಎಂದಾದಾಗ ಬಸ್ಸಿಗೆ ಕಾಯುವ ಹೊತ್ತನ್ನೂ ದುಡಿಮೆಯಲ್ಲಿ ಸೇರಿಸದಿದ್ದರೆ ಒಪ್ಪಿದ ಕೂಲಿ ಕಾಗದದಲ್ಲಷ್ಟೇ ಉಳಿಯುತ್ತದೆ. ಅದೇ ಊರಿನವರನ್ನು ತರಬೇತಿಗೊಳಿಸಿ ನೇಮಿಸಿದರೆ ಪ್ರಯಾಣ ಉಳಿಯುತ್ತದೆ, ರೋಗಿಗೆ ಪರಿಚಿತ ಮಾತು ಸಿಗುತ್ತದೆ. ಆದರೆ ಮನೆಯ ಗುಟ್ಟು ಹೊರಗೆ ಹೋಗದಂತೆ ಹೆಚ್ಚಿನ ಎಚ್ಚರ ಬೇಕು. ಜಾತಿಯ ಪ್ರಶ್ನೆಯೂ ಇದೆ. ಮೈ ತೊಳೆಯುವ ಕೈ ಬೇಕು, ಅದೇ ಕೈ ಅಡುಗೆಮನೆಯ ನೀರು ಮುಟ್ಟಬಾರದು ಎನ್ನುವವರು ಊರಿನಲ್ಲಿಯೂ ನಗರದಲ್ಲಿಯೂ ಇದ್ದಾರೆ. ಆರೈಕೆದಾರರಿಗೆ ಮಲಗಲು ಜಾಗ, ಶೌಚಾಲಯದ ಬಳಕೆ, ಮನೆಯವರಂತೆಯೇ ಊಟ ಎಂಬುವನ್ನು ಒಪ್ಪಂದದಲ್ಲಿ ಬರೆದು, ಒಪ್ಪದ ಮನೆಗೆ ಸೇವೆ ನಿರಾಕರಿಸುವ ಹೊಣೆ ಸಂಸ್ಥೆಯದ್ದು. ಒಂಟಿಯಾಗಿ ಆ ಮನೆಯೊಳಗಿರುವ ಆರೈಕೆದಾರರು ಅದನ್ನು ತಾವೇ ಕೇಳುವುದು ಕಷ್ಟ.