ಹೊಣಕೆರೆ ಸೀಮೆ ಮತ್ತು ಬುಕಾನನ್ ಡಾಕ್ಟರ ಪೌತಿ ಖಾತೆ

ನಾಗಮಂಗಲ ತಾಲ್ಲೂಕಿಗೆ ಹೋಬಳಿಗಳು ಐದು: ಕಸಬಾ, ಬೆಳ್ಳೂರು, ಬಿಂಡಿಗನವಿಲೆ, ದೇವಲಾಪುರ, ಹೊಣಕೆರೆ. ಪಟ್ಟಿಯಲ್ಲಿ ನಮ್ಮದು ಬಹುಪಾಲು ಕೊನೆಗೇ ಬರುತ್ತದೆ. 1939ರಲ್ಲಿ ಮೈಸೂರು ಜಿಲ್ಲೆಯಿಂದ ಒಡೆದು ಮಂಡ್ಯ ಜಿಲ್ಲೆ ಆದಾಗ ತಾಲ್ಲೂಕು ಇತ್ತ ಬಂತು. ರಾಗಿ, ಹುರುಳಿ, ತೆಂಗು. ಉಳಿದದ್ದು ಮಳೆಯ ದಯೆ. ಮಂಡ್ಯ ಜಿಲ್ಲೆಯವರು ಎಂದೊಡನೆ ಹೊರಗಿನವರು ಕಬ್ಬು, ಭತ್ತ, ನಾಲೆ ಎಂದು ಶುರು ಮಾಡುತ್ತಾರೆ. ಕನ್ನಂಬಾಡಿ ಕಟ್ಟೆಯ ನೀರು ತಗ್ಗಿನ ಮಂಡ್ಯ, ಮದ್ದೂರು, ಮಳವಳ್ಳಿಗೆ ಹರಿಯಿತೇ ಹೊರತು ಎತ್ತರದ ನಮ್ಮ ಹೊಲಗಳಿಗೆ ಹತ್ತಲಿಲ್ಲ. ಹೇಮಾವತಿ ನಾಲೆ ಬಂದದ್ದು ಬಹಳ ತಡವಾಗಿ, ಬಂದದ್ದೂ ಎಲ್ಲರ ಹೊಲಕ್ಕಲ್ಲ. ಸರ್ಕಾರಿ ವಿವರ ಇಷ್ಟು ಸಾಕು.

ಈ ಕಡೆಯ ಚರಿತ್ರೆ ಬರೆಯ ಹೊರಟವರು ಸೌಮ್ಯಕೇಶವನ ಗುಡಿಗೆ ಒಂದು ಪುಟ, ಕಂಬದಹಳ್ಳಿ ಬಸದಿಗೆ ಒಂದು ಪುಟ, ಆದಿಚುಂಚನಗಿರಿಗೆ ಎರಡು ಪುಟ ಕೊಟ್ಟು ಸೀದಾ ಶ್ರೀರಂಗಪಟ್ಟಣಕ್ಕೆ ಇಳಿದುಬಿಡುತ್ತಾರೆ. ಅಲ್ಲಿ ಟಿಪ್ಪು ಇದ್ದಾನೆ, ಕೋಟೆ ಇದೆ, ಓದುವವರೂ ಇದ್ದಾರೆ. ನಡುವಿನ ಹಳ್ಳಿಗಳಿಗೆ ಒಂದು ಸಾಲೂ ಮಿಗುವುದಿಲ್ಲ. ಅದಕ್ಕೇ ನಾನು ಇಲ್ಲಿ ಬೇರೊಂದು ದಾರಿ ಹಿಡಿದಿದ್ದೇನೆ. ಟಿಪ್ಪು ಮಡಿದ ಮರುವರ್ಷವೇ ಈ ಸೀಮೆಯ ನೆಲ, ಬೆಳೆ, ಕಂದಾಯ, ಜಾತಿ, ಕಸುಬು ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡು ಹೋದ ಒಬ್ಬ ವೈದ್ಯನಿದ್ದ. ನಮ್ಮ ಆಸ್ತಿಯ ಲೆಕ್ಕ ಹಿಡಿದ ಆ ಮನುಷ್ಯನ ಆಸ್ತಿಯ ಲೆಕ್ಕ ಏನಾಗಿತ್ತು ಎಂಬ ಕುತೂಹಲ ನನ್ನದು.

ಅವನ ಹೆಸರು ಫ್ರಾನ್ಸಿಸ್ ಬುಕಾನನ್. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯ ಇಲಾಖೆಯಲ್ಲಿ 1794ರಿಂದ ನೌಕರಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಹೊಸದಾಗಿ ಕೈಸೇರಿದ ಸೀಮೆಯ ಬೆಲೆ ತಿಳಿಯಬೇಕಿತ್ತು. ಬುಕಾನನ್ 1800ರ ಏಪ್ರಿಲ್ 23ರಂದು ಮದರಾಸು ಬಿಟ್ಟು ಮೈಸೂರು, ಮಲಬಾರು, ಕೆನರಾ ಸುತ್ತಿ ಮರುವರ್ಷ ಮದರಾಸಿಗೇ ಮರಳಿದ. ದಿನಚರಿಯ ರೂಪದಲ್ಲಿದ್ದ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಆ ಸುತ್ತಾಟದಲ್ಲಿ ನಾಗಮಂಗಲ, ಮೇಲುಕೋಟೆ, ತೊಣ್ಣೂರುಗಳ ಮೇಲೆ ಹಾದು ಹೋಗಿದ್ದಾನೆ. ಹೊಣಕೆರೆಯಂಥ ಊರುಗಳಿಗೆ ಅವನ ಪುಸ್ತಕದಲ್ಲಿ ಮೆರವಣಿಗೆಯಿಲ್ಲ. ನಮ್ಮ ಬದುಕು ಅವನ ಪಟ್ಟಿಗಳೊಳಗೆ, ಹೆಸರಿಲ್ಲದೆ, ಸೇರಿಕೊಂಡಿದೆ.

ಅವನು ಬಂದ ಕಾಲವನ್ನು ನೆನೆಯಬೇಕು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮುತ್ತಿಗೆ ಕೈಬಿಟ್ಟು, ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂದೆಗೆದಾಗ, ಪರಶುರಾಮ ಭಾವೂವಿನ ಮರಾಠಾ ದಂಡು ಅವನಿಗೆ ಎದುರಾದದ್ದು ಮೇಲುಕೋಟೆಯ ಆಸುಪಾಸಿನಲ್ಲೇ. ಆ ದಂಡುಗಳ ದಾರಿಯಲ್ಲಿ ಸಿಕ್ಕ ನಾಗಮಂಗಲ ಕೋಟೆಗೆ ಅದಕ್ಕೂ ಹಿಂದೆ ಒಳ್ಳೆಯ ದಿನಗಳಿದ್ದವು. ಹೊರಕೋಟೆಯನ್ನು 1578ರಲ್ಲಿ ಚನ್ನಪಟ್ಟಣದ ಜಗದೇವರಾಯ ಕಟ್ಟಿಸಿದ, 1630ರಲ್ಲಿ ಅದು ಮೈಸೂರು ಒಡೆಯರ ವಶವಾಯಿತು. ಆದರೆ ಮೂರು ನಾಲ್ಕು ಸೈನ್ಯಗಳು ಒಂದೇ ಸೀಮೆಯಲ್ಲಿ ಮೇವು ಹುಡುಕಿದರೆ ಏನು ಉಳಿದೀತು? ಬುಕಾನನ್ ಕಂಡದ್ದು ಆ ಏಟು ತಿಂದು ಎಂಟೊಂಬತ್ತು ವರ್ಷ ಕಳೆದ ನಾಡನ್ನು. ಹಾಳುಬಿದ್ದುದಕ್ಕೆಲ್ಲ ಟಿಪ್ಪುವನ್ನೇ ಹೊಣೆ ಮಾಡುವ ಚಾಳಿ ಅವನಿಗಿತ್ತು, ಗೆದ್ದವರ ಸಂಬಳ ತಿನ್ನುವವನು ಮತ್ತೇನು ಬರೆದಾನು. ಆದರೂ ಅನ್ಯಾಯ ಹೇಳಬಾರದು, ದಂಡಿನ ಹಾವಳಿಯನ್ನೂ ಅವನು ಮುಚ್ಚಿಟ್ಟಿಲ್ಲ.

ಬೇಸಾಯದ ವಿಷಯಕ್ಕೆ ಬಂದರೆ ಅವನಂಥ ಕಿವಿ ಇನ್ನೊಬ್ಬನಿಗಿರಲಿಲ್ಲ. ಭತ್ತದಲ್ಲಿ ಬರ ಬಿತ್ತನೆ, ಮೊಳೆ ಬಿತ್ತನೆ, ನಾಟಿ ಎಂದು ಮೂರು ಬಗೆ. ಹೈನು ಬೆಳೆ ಯಾವಾಗ, ಕಾರು ಬೆಳೆ ಯಾವಾಗ. ರಾಗಿಯ ತಳಿಗಳು ಯಾವುವು. ಎಲ್ಲವನ್ನೂ ಇಲ್ಲಿನ ರೈತರ ಬಾಯಿಂದ ಕೇಳಿ ಇಲ್ಲಿನ ಮಾತಿನಲ್ಲೇ, ತನ್ನ ವಕ್ರ ಸ್ಪೆಲಿಂಗಿನಲ್ಲಿ, ಬರೆದಿಟ್ಟ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಅವನು ಶ್ರೀರಂಗಪಟ್ಟಣದ ಸೀಮೆಯಲ್ಲಿ ಬರೆದುಕೊಂಡ ಕಣದ ಲೆಕ್ಕ. ರಾಶಿ ಸರ್ಕಾರಕ್ಕೂ ರೈತನಿಗೂ ಪಾಲಾಗುವ ಮುಂಚೆ ದೇವರಿಗೆಷ್ಟು, ಗೌಡನಿಗೆಷ್ಟು, ಶಾನುಭೋಗನಿಗೆಷ್ಟು, ತೋಟಿ, ಕಮ್ಮಾರ, ಕುಂಬಾರ, ಅಗಸರಿಗೆಷ್ಟು ಎಂದು ಒಂದೊಂದಾಗಿ ಎಣಿಸಿದ್ದಾನೆ. ನಮ್ಮ ಅಜ್ಜಂದಿರು ಆಯ ಕೊಡುತ್ತಿದ್ದ ಕ್ರಮ ಅದೇ. ನಮ್ಮಲ್ಲಿ ಎಪ್ಪತ್ತು ದಾಟಿದವರನ್ನು ಕೇಳಿದರೆ ಈಗಲೂ ಅರ್ಧ ಪಟ್ಟಿ ಹೇಳುತ್ತಾರೆ, ಯಾರ ಮೊರಕ್ಕೆ ಮೊದಲು ಬೀಳಬೇಕು ಎಂಬುದಕ್ಕೆ ಜಗಳವನ್ನೂ ಆಡುತ್ತಾರೆ.

ಅದೇ ಪಟ್ಟಿಯಲ್ಲಿ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಗೌಡ ಎಂದಿದೆ, ಯಾವ ಗೌಡ ಎಂದಿಲ್ಲ. ತೋಟಿ ಎಂದಿದೆ, ಅವನ ಹೆಸರಿಲ್ಲ. ದಿವಾನ್ ಪೂರ್ಣಯ್ಯನವರಿಗೆ ಹೆಸರಿದೆ, ರೆಸಿಡೆಂಟ್ ಬ್ಯಾರಿ ಕ್ಲೋಸ್‌ಗೆ ಹೆಸರಿದೆ. ಆ ಲೆಕ್ಕವನ್ನೆಲ್ಲ ಬಾಯಲ್ಲೇ ಒಪ್ಪಿಸಿದ ಒಕ್ಕಲುಗಳಿಗೆ ಹೆಸರಿಲ್ಲ.

ಹೀಗೆ ಊರವರ ಹೆಸರು ಬಿಟ್ಟವನ ಸ್ವಂತ ಹೆಸರೇ ದಾಖಲೆಗಳಲ್ಲಿ ಚೆಲ್ಲಾಪಿಲ್ಲಿಯಾಗಿದೆ. ಹುಟ್ಟಿದ್ದು 1762ರ ಫೆಬ್ರವರಿ 15. ಎಲ್ಲಿ? ಹಲವು ಪುಸ್ತಕಗಳು ಸ್ಕಾಟ್ಲೆಂಡಿನ ಪರ್ತ್‌ಶೈರಿನ ಕ್ಯಾಲಂಡರ್ ಊರಿನ ಬಾರ್ಡೋವಿ ಎನ್ನುತ್ತವೆ. ಕೆಲವು ಬ್ರಾಂಜಿಯೆಟ್ ಎನ್ನುತ್ತವೆ. ಭೂಪಟ ಬಿಡಿಸಿದರೆ ಬಾರ್ಡೋವಿ ಇರುವುದು ಕ್ಯಾಲಂಡರಿನಲ್ಲಲ್ಲ, ದಕ್ಷಿಣಕ್ಕೆ ಬಹುದೂರ, ಗ್ಲಾಸ್ಗೋ ನಗರದ ಮಗ್ಗುಲಲ್ಲಿ. ಕ್ಯಾಲಂಡರಿನ ಪಕ್ಕ ಇರುವುದು ಲೆನಿ ಎಂಬ ಬೇರೆ ಜಮೀನು. ಈ ಗೋಜಲು ಹುಟ್ಟಿದ್ದು ಹೇಗೆಂದು ನನ್ನ ಊಹೆ ಹೇಳುತ್ತೇನೆ. ಬಾರ್ಡೋವಿ ತಾಯಿ ಎಲಿಜಬೆತ್ ಹ್ಯಾಮಿಲ್ಟನ್ ಕಡೆಯ ಆಸ್ತಿ. ಲೆನಿ ತಂದೆ ಥಾಮಸ್ ಬುಕಾನನ್ ಕಡೆಯದು. ಮುಂದೆ ಎರಡೂ ಒಬ್ಬನ ಹೆಸರಿಗೆ ಬಂದದ್ದರಿಂದ, ದೂರ ಕುಳಿತು ಬರೆದವರು ಎರಡು ಊರನ್ನು ಒಂದೇ ಸರ್ವೆ ನಂಬರಿಗೆ ಸೇರಿಸಿಬಿಟ್ಟರು. ನಮ್ಮ ನಾಡಕಚೇರಿಯಲ್ಲಿ ಇಂಥದು ಆದರೆ ತಿದ್ದುಪಡಿಗೆ ಅರ್ಜಿ ಕೊಟ್ಟು ವರ್ಷಗಟ್ಟಲೆ ಅಲೆಯಬೇಕು. ಅಲ್ಲಿನದು ಇನ್ನೂ ತಿದ್ದುಪಡಿ ಆಗಿಲ್ಲ.

ತಂದೆ ಥಾಮಸನೂ ವೈದ್ಯನೇ. ಫ್ರಾನ್ಸಿಸ್ ಮನೆಯ ಕಿರಿಯ ಮಕ್ಕಳಲ್ಲೊಬ್ಬ. ಅಲ್ಲಿನ ಪದ್ಧತಿಯಲ್ಲಿ ಜಮೀನು ಹಿರಿಮಗನಿಗೆ. ಕಿರಿಯರು ವಿದ್ಯೆ ನೆಚ್ಚಿ ಹೊಟ್ಟೆ ಹೊರೆಯಬೇಕು. ನಮ್ಮಲ್ಲಾಗಿದ್ದರೆ ಪೋಡಿ ಮಾಡಿಸಿ ಅಣ್ಣತಮ್ಮಂದಿರಿಗೆಲ್ಲ ಒಂದೊಂದು ತುಂಡು ಹರಿದುಕೊಟ್ಟು ಎಲ್ಲರನ್ನೂ ಊರಲ್ಲೇ ಕಟ್ಟಿಹಾಕುತ್ತಿದ್ದೆವು. ಗ್ಲಾಸ್ಗೋದಲ್ಲಿ 1779ರಲ್ಲಿ ಎಂ.ಎ., ಎಡಿನ್‌ಬರೋದಲ್ಲಿ 1783ರಲ್ಲಿ ಎಂ.ಡಿ. ಪ್ರಬಂಧದ ವಿಷಯ ಬಿಟ್ಟು ಬಿಟ್ಟು ಬರುವ ಜ್ವರ, ಅಂದರೆ ಇಂದಿನ ಮಲೇರಿಯಾ. ಅಂಥ ಜ್ವರಕ್ಕೇ ಕುಖ್ಯಾತವಾಗಿ, ಕೊನೆಗೆ ಇಂಗ್ಲಿಷರ ದಂಡನ್ನೇ ಬೆಂಗಳೂರಿಗೆ ಓಡಿಸಿದ ಶ್ರೀರಂಗಪಟ್ಟಣಕ್ಕೆ ಅವನು ಬಂದದ್ದು ಔಷಧ ಕೊಡಲಿಕ್ಕಲ್ಲ, ಕಂದಾಯದ ನೆಲ ನೋಡಲಿಕ್ಕೆ. ಅಲ್ಲಿನ ಗೋರಿಗಳ ತೋಟದಲ್ಲಿ ಮಲಗಿರುವ ದಂಡಿನವರನ್ನು ಕಂಡರೆ ಔಷಧವೇ ಹೆಚ್ಚು ಬೇಕಿತ್ತೇನೋ ಅನಿಸುತ್ತದೆ. ಅವನ ಹಿಂದೆಯೇ, 1804ರಲ್ಲಿ, ಮೈಸೂರು ಸರ್ವೆಗೆ ಬಂದ ಇನ್ನೊಬ್ಬ ಸ್ಕಾಟಿಷ್ ವೈದ್ಯ ಜಾನ್ ಲೇಡನ್ ಅಲ್ಲೇ ಕಾಯಿಲೆ ಬಿದ್ದು ಮಲಗಿದ.

ಕಂಪನಿಯ ನೌಕರಿಯಲ್ಲಿ ಬುಕಾನನ್ ಬರ್ಮಾ, ಚಿತ್ತಗಾಂಗ್, ನೇಪಾಳ ನೋಡಿದ. 1807ರಿಂದ ಏಳು ವರ್ಷ ಬಂಗಾಳ ಬಿಹಾರಗಳ ಸರ್ವೆ ಮಾಡಿದ. ರಾಕ್ಸ್‌ಬರ್ಗ್ ನಂತರ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದ. 1815ರಲ್ಲಿ ಊರಿಗೆ ಹೊರಟಾಗ ಆಸ್ತಿಯ ತಕರಾರು ಎದ್ದಿತು. ಗಿಡ, ಮೀನು, ಪ್ರಾಣಿಗಳ ಚಿತ್ರಗಳನ್ನು ಜೊತೆಗೆ ಒಯ್ಯಬೇಕೆಂದಿದ್ದ. ಗವರ್ನರ್ ಜನರಲ್ ಲಾರ್ಡ್ ಮೊಯ್ರಾ ತಡೆದ: ಅವು ಸರ್ಕಾರದ ಸೊತ್ತು, ಇಲ್ಲೇ ಇರಬೇಕು. ಇಪ್ಪತ್ತು ವರ್ಷ ಊರೂರಿನ ಆಸ್ತಿಪಾಸ್ತಿ ಬರೆದವನು ತಾನು ಬರೆಸಿದ ಚಿತ್ರಗಳಿಗೆ ಹಕ್ಕುದಾರನಾಗದೆ ಬರಿಗೈಯಲ್ಲಿ ಹಡಗು ಹತ್ತಿದ. ಅವನು ಸತ್ತ ಮೇಲೂ ಇದು ಮುಗಿಯಲಿಲ್ಲ. ಬಂಗಾಳದ ಸರ್ವೆಯನ್ನು ಮಾಂಟ್‌ಗೊಮರಿ ಮಾರ್ಟಿನ್ ಎಂಬಾತ 1838ರಲ್ಲಿ ಮೂರು ಸಂಪುಟವಾಗಿ ಅಚ್ಚು ಹಾಕಿಸಿದಾಗ ಮುಖಪುಟದಲ್ಲಿ ಬುಕಾನನ್ ಹೆಸರೇ ಇರಲಿಲ್ಲ. ನಮ್ಮ ಹೆಸರು ಬಿಟ್ಟವನಿಗೆ ಆದದ್ದು ಸರಿಯಾಯಿತು ಎನ್ನುವಷ್ಟು ಕೆಟ್ಟವನಲ್ಲ ನಾನು. ಆದರೂ ಓದಿದಾಗ ಒಂದು ಕ್ಷಣ ನಗು ಬಂತು.

ಸ್ಕಾಟ್ಲೆಂಡಿಗೆ ಮರಳಿದ ಮೇಲೆ ತಾಯಿಯ ಕಡೆಯ ಆಸ್ತಿ ಅವನಿಗೆ ಬಂತು. ಪೌತಿ ಖಾತೆ ಆಯಿತು ಎನ್ನೋಣ. ಆದರೆ ಆ ಆಸ್ತಿಯ ಜೊತೆಗೆ ಮನೆತನದ ಹೆಸರನ್ನೂ ಹೊರಬೇಕಿತ್ತು. ಹಾಗಾಗಿ ಬುಕಾನನ್ ಹೋಗಿ ಹ್ಯಾಮಿಲ್ಟನ್ ಆದ. 1819ರಲ್ಲಿ ಬಂದ ನೇಪಾಳದ ಪುಸ್ತಕದಲ್ಲಿ ‘ಫ್ರಾನ್ಸಿಸ್ ಹ್ಯಾಮಿಲ್ಟನ್, ಹಿಂದೆ ಬುಕಾನನ್’ ಎಂದೇ ಹಾಕಿಕೊಂಡ. ಗಂಗೆಯ ಮೀನುಗಳ ಮೇಲೆ 1822ರಲ್ಲಿ ಬರೆದವನು ಹ್ಯಾಮಿಲ್ಟನ್. ಮೈಸೂರಿನ ಮೇಲೆ ಬರೆದವನು ಬುಕಾನನ್. ಸಸ್ಯಶಾಸ್ತ್ರದವರಿಗೆ ಎರಡನ್ನೂ ಕತ್ತರಿಸಿ ಅಂಟಿಸಿದ ಒಂದು ಹೆಸರು. ಬುಕಾನನ್-ಹ್ಯಾಮಿಲ್ಟನ್ ಎನ್ನುವವರೂ ಹ್ಯಾಮಿಲ್ಟನ್-ಬುಕಾನನ್ ಎನ್ನುವವರೂ ಉಂಟು. ಗ್ರಂಥಾಲಯಗಳ ಕಪಾಟಿನಲ್ಲಿ ಒಬ್ಬನೇ ಮನುಷ್ಯ ಎರಡು ಮೂರು ಕಡೆ ಕುಳಿತಿರುತ್ತಾನೆ. ಸಾಲದ್ದಕ್ಕೆ ಅದೇ ಕಾಲದ ಕಲ್ಕತ್ತೆಯಲ್ಲಿ ಕ್ಲಾಡಿಯಸ್ ಬುಕಾನನ್ ಎಂಬ ಪಾದ್ರಿಯೂ ಇದ್ದ; ಇಬ್ಬರನ್ನೂ ಒಬ್ಬನೇ ಎಂದು ತಿಳಿದವರಿದ್ದಾರೆ. ನಮ್ಮ ಕುರುಚಲು ಕಾಡಿನ ಮುರುಕಲು ಮರ, ಸಿಹಿತಿಂಡಿಗೆ ಹಾಕುವ ಚಾರೋಳಿಯ ಮರ ಸೇರಿದ ಕುಲಕ್ಕೆ ಮಾತ್ರ ಬುಕಾನಾನಿಯಾ ಎಂಬ ಹಳೆಯ ಹೆಸರೇ ಗಟ್ಟಿಯಾಗಿ ನಿಂತಿದೆ.

ಇನ್ನು ವಂಶವೃಕ್ಷದ ಮಾತು. ನೇಪಾಳದ ಪುಸ್ತಕ ಬಂದ 1819ರಲ್ಲೇ ಅವನು ಹಿಂದೂಗಳ ವಂಶಾವಳಿಗಳ ಮೇಲೊಂದು ಪುಸ್ತಕ ಹೊರತಂದ. ಪುರಾಣದ ಸೂರ್ಯವಂಶ ಚಂದ್ರವಂಶಗಳ ಕೊಂಡಿ ಹೆಣೆಯುತ್ತಿದ್ದವನಿಗೆ ತನ್ನ ಕೊಂಡಿಯ ಚಿಂತೆಯೂ ಹತ್ತಿತು. ಬುಕಾನನ್ ಕುಲದ ಹಿರಿಯ ಶಾಖೆಯ ಕೊನೆಯ ಯಜಮಾನ ತೀರಿಕೊಂಡು ಸುಮಾರು ಒಂದೂವರೆ ಶತಮಾನವಾಗಿತ್ತು, ಗಾದಿ ಖಾಲಿ. ತಂದೆ ಥಾಮಸನೂ ಅದು ತನಗೆ ಸೇರಬೇಕೆನ್ನುತ್ತಿದ್ದ. ಮಗ ಹಳೆಯ ಪತ್ರಗಳನ್ನು ಕೆದಕಿ, ಗಂಡು ಸಂತತಿಯ ವಾರಸುದಾರ ತಾನೇ ಎಂದು 1826ರಲ್ಲಿ ಸಾಧಿಸಿದ. ಮೂರೇ ವರ್ಷಕ್ಕೆ, 1829ರ ಜೂನ್ 15ರಂದು, ಸತ್ತ.

ಅವನ ಜೀವನಚರಿತ್ರೆ ಬರೆದವರು ಅವನು ಕುಲದ ಮುಖ್ಯಸ್ಥನಾದ ಎಂದೇ ಬರೆಯುತ್ತಾರೆ. ಆದರೆ ಆ ಕುಲದವರ ಇಂದಿನ ಲೆಕ್ಕ ಕೇಳಿ: 1681ರಿಂದ 2018ರವರೆಗೆ ತಮಗೆ ಮುಖ್ಯಸ್ಥನೇ ಇರಲಿಲ್ಲ ಎನ್ನುತ್ತಾರೆ. 2018ರಲ್ಲಿ ಸ್ಕಾಟ್ಲೆಂಡಿನ ಲಾಂಛನ ನ್ಯಾಯಾಲಯದ ಲಾರ್ಡ್ ಲಯನ್ ಒಬ್ಬರಿಗೆ ಆ ಮಾನ್ಯತೆ ಕೊಟ್ಟರು. ಹಾಗಾದರೆ 1826ರ ಕಾಗದ? ವಾರಸುದಾರ ಎಂದು ಸಾಬೀತಾಗುವುದು ಬೇರೆ, ಗಾದಿಗೆ ಮಾನ್ಯತೆ ಸಿಗುವುದು ಬೇರೆ ಎಂದು ನನಗೆ ಕಾಣುತ್ತದೆ. ಹೊಣಕೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಂಶವೃಕ್ಷ ಕೈಯಲ್ಲಿದ್ದೂ ಪಹಣಿಯಲ್ಲಿ ತಾತನ ಹೆಸರೇ ಕೂತಿರುವ ಮನೆಗಳು ಪ್ರತಿ ಬೀದಿಯಲ್ಲೂ ಇವೆ.

ಸಸ್ಯವಿಜ್ಞಾನಿ ಡೇವಿಡ್ ಪ್ರೇನ್ 1905ರಲ್ಲಿ ಬುಕಾನನ್ನನ ಬದುಕನ್ನು ಒಪ್ಪವಾಗಿ ಬರೆದ. ಅವನೂ ಕಂಪನಿಯ ವೈದ್ಯರ ಪರಂಪರೆಯವನೇ, ಕಲ್ಕತ್ತೆಯ ಅದೇ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದವನು. ಬುಕಾನನ್ ಊರಿಗೆ ಮರಳಿ ತೊಂಬತ್ತು ವರ್ಷವಾದ ಮೇಲೂ ಆ ವೈದ್ಯನ ಹುಟ್ಟು, ಸಾವು, ಜಮೀನು, ಜಗಳ ಹುಡುಕಲು ಕಾಗದ ಉಳಿದಿತ್ತು. ನಮ್ಮ ಸೀಮೆಯಲ್ಲಿ? ಕಲ್ಲಿನ ಮೇಲಿದ್ದ ಶಾಸನಗಳನ್ನು ರೈಸ್ ಸಾಹೇಬರು 1898ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಮೈಸೂರಿನ ವಿದ್ವಾಂಸರು ಪರಿಷ್ಕರಿಸಿದರು. ನಮ್ಮ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಪರದೇಶದ ಯಾತ್ರಿಕರ ಬರಹಗಳನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂದು ಕನ್ನಡಕ್ಕೆ ತಂದರು, ಹಳ್ಳಿಹಳ್ಳಿಯ ಹಾಡನ್ನೂ ಕೂಡಿಟ್ಟರು. ಕಲ್ಲು ಮತ್ತು ಹಾಡು, ಈ ಎರಡರ ನಡುವೆ ಬಿದ್ದುಹೋದದ್ದು ಕಡತ.

ಶಾನುಭೋಗರು ಹುಣಸೆಬೀಜದ ಸರಿ, ಇದ್ದಿಲು ಕಲಸಿ ಬಳಿದ ಬಟ್ಟೆಯನ್ನು ಮಡಿಕೆ ಹಾಕಿ ಬಳಪದಲ್ಲಿ ಬರೆಯುತ್ತಿದ್ದ ಕಡತಗಳು ಊರಿಗೊಂದು ಕಟ್ಟು ಇರುತ್ತಿದ್ದವು. ಬುಕಾನನ್ನನಿಗೆ ಒಕ್ಕಲುಗಳು ಬಾಯಲ್ಲಿ ಹೇಳಿದಂಥ ಲೆಕ್ಕ ಬರಹದಲ್ಲಿದ್ದದ್ದು ಅವುಗಳಲ್ಲೇ. ಗ್ರಾಮಾಧಿಕಾರಗಳನ್ನು ರದ್ದು ಮಾಡಿದ 1961ರ ಕಾಯ್ದೆ ಬಂದ ಮೇಲೆ ಶಾನುಭೋಗಿಕೆ ಹೋಯಿತು, ಹೋಗಬೇಕಾದದ್ದೇ ಹೋಯಿತು. ಆದರೆ ಸರ್ಕಾರಕ್ಕೆ ಒಪ್ಪಿಸದೆ ಮನೆಯಲ್ಲೇ ಉಳಿದ ಹಳೆಯ ಕಟ್ಟುಗಳನ್ನು ಯಾರೂ ಕೇಳಲಿಲ್ಲ. ಅಟ್ಟದ ಮೇಲೆ ಗೆದ್ದಲು, ಹಂಡೆಯ ಕೆಳಗೆ ಬೆಂಕಿ. 2000ದಲ್ಲಿ ಬಂದ ಕಂಪ್ಯೂಟರ್ ಪಹಣಿಗೆ ಅದಕ್ಕೂ ಹಿಂದಿನ ಊರು ಗೊತ್ತಿಲ್ಲ. ಹೋಬಳಿಯ ಯಾರ ಅಟ್ಟದಲ್ಲಾದರೂ ಕಪ್ಪು ಬಟ್ಟೆಯ ಮಡಿಕೆಯೊಂದು ಉಳಿದಿದ್ದರೆ ಅದನ್ನು ಒರೆಸಬೇಡಿ, ಬಳಪ ಅಳಿಸಿಹೋಗುತ್ತದೆ. ಬಿಡಿಸಿ ಫೋಟೊ ತೆಗೆದುಕೊಂಡು, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮೋಡಿ ಅಕ್ಷರ ಓದಬಲ್ಲವರಿಗೆ ತೋರಿಸಿ. ಕಣದಲ್ಲಿ ಆಯ ಪಡೆದ ತೋಟಿಯ ಹೆಸರು ಇದ್ದರೆ ಅದರಲ್ಲಿಯೇ ಇರಬೇಕು.