ನಡುನೋವು, ಸೂಜಿ ಮತ್ತು ಕೊಳವೆಬಾವಿ ನೀರು: ಕೊಪ್ಪಳ ಸೀಮೆಯ ಬಗ್ಗೆ ಒಂದು ಟಿಪ್ಪಣಿ

ಗಂಗಾವತಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಭತ್ತದ ನಾಟಿ ಶುರು. ಆಗ ಹೆಣ್ಣಾಳುಗಳು ಮುಂಜಾನೆಯಿಂದ ಸಂಜೆಯವರೆಗೆ ಕೆಸರಿನಲ್ಲಿ ಬಗ್ಗಿಯೇ ಇರುತ್ತಾರೆ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ನೆಲದ ಮೇಲೆ ಕೂತು, ಕುತ್ತಿಗೆ ಬಾಗಿಸಿ ಗೊಂಬೆಗಳಿಗೆ ಬಣ್ಣ ತುಂಬುತ್ತಾರೆ. ಇವರ ನಡುನೋವಿಗೆ ಕಾರಣ ಬಹುಮಟ್ಟಿಗೆ ದುಡಿಮೆಯ ಭಂಗಿ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಕಥೆ ಬೇರೆ. ಅಲ್ಲಿ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು ಹಿಡಿದುಕೊಂಡರೆ ದುಡಿಮೆಯೊಂದನ್ನೇ ದೂರಿ ಸುಮ್ಮನಾಗುವಂತಿಲ್ಲ. ಬೆನ್ನುನೋವಿಗೆ ಅಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆ ಆಗುತ್ತದೆಯೇ ಎಂದು ಈ ಜಿಲ್ಲೆಯಲ್ಲಿ ಕೇಳುವವರು ಮೊದಲು ಈ ಎರಡು ನೋವುಗಳನ್ನು ಬೇರ್ಪಡಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಬಗೆಯ ನೋವಿನ ಬಗ್ಗೆ ಒಳ್ಳೆಯ ಅಧ್ಯಯನಗಳಿವೆ. 2007ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ ಬಹುಕಾಲದ ಸೊಂಟನೋವಿದ್ದ 1,162 ಮಂದಿ ಭಾಗವಹಿಸಿದ್ದರು. ಆರು ತಿಂಗಳ ಹೊತ್ತಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ. 47.6ರಷ್ಟು ಜನರಿಗೆ ಗುಣ ಕಂಡಿತ್ತು. ಮಾತ್ರೆ, ವ್ಯಾಯಾಮ, ಫಿಸಿಯೋಥೆರಪಿ ಪಡೆದವರಲ್ಲಿ ಈ ಪ್ರಮಾಣ ಶೇ. 27.4 ಮಾತ್ರ. ಆದರೆ ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ. 44.2ರಷ್ಟು ಮಂದಿ ಸುಧಾರಿಸಿದ್ದರು. 2009ರ ಅಮೆರಿಕದ ಅಧ್ಯಯನವೊಂದರಲ್ಲಿ ಹಲ್ಲುಕಡ್ಡಿಯಿಂದ ಬರೀ ಒತ್ತಿಸಿಕೊಂಡವರಿಗೂ ಸೂಜಿಯಷ್ಟೇ ಆರಾಮ ಸಿಕ್ಕಿತು. ಹಾಗಾದರೆ ಗುಣ ಬರುವುದು ಬಿಂದುವಿನಿಂದಲೋ, ಹೊತ್ತುಕೊಟ್ಟು ಮೈಮುಟ್ಟಿ ಉಪಚರಿಸುವ ಕೈಯಿಂದಲೋ? ಎರಡನೆಯದರ ಪಾಲು ದೊಡ್ಡದು ಎಂದೇ ನನಗನಿಸುತ್ತದೆ. ಹಾಗೆಂದು ರೋಗಿಗೆ ಸಿಕ್ಕ ಆರಾಮ ಸುಳ್ಳಾಗುವುದಿಲ್ಲ. ವೈದ್ಯಲೋಕದಲ್ಲೂ ಒಮ್ಮತವಿಲ್ಲ. ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಬೇಡವೆಂದಿತು; ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಷರತ್ತಿನೊಂದಿಗೆ ಅದಕ್ಕೆ ಜಾಗ ಕೊಟ್ಟಿತು.

ನಮ್ಮ ದೇಶಕ್ಕೆ ಈ ವಿದ್ಯೆಯನ್ನು 1959ರಲ್ಲಿ ತಂದವರು ಕಲ್ಕತ್ತೆಯ ಡಾ. ಬಿಜಯ್ ಕುಮಾರ್ ಬಸು. 1938ರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರೊಡನೆ ಚೀನಾಕ್ಕೆ ಹೋಗಿದ್ದ ವೈದ್ಯತಂಡದಲ್ಲಿ ಅವರೂ ಇದ್ದರು. ಕರ್ನಾಟಕದಲ್ಲಿ ಇದು ಹೆಚ್ಚಾಗಿ ಪ್ರಕೃತಿ ಚಿಕಿತ್ಸೆಯ ಜೊತೆಗೂಡಿ ಬೆಳೆಯಿತು. 1989ರಲ್ಲಿ ಆರಂಭವಾದ ಉಜಿರೆಯ ಕಾಲೇಜಿನಂಥ ಕಡೆ ಓದುವ, ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿಎನ್‌ವೈಎಸ್ ಪದವಿಯ ಪಠ್ಯದಲ್ಲಿ ಅಕ್ಯುಪಂಕ್ಚರ್ ಸೇರಿದೆ.

ಇನ್ನು ನೀರಿನಿಂದ ಬರುವ ಎರಡನೆಯ ನೋವಿಗೆ ಬರೋಣ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿತ ಮಿತಿ; ಬೇರೆ ನೀರೇ ಸಿಗದಿದ್ದರೆ 1.5. ಇದನ್ನು ಬಹಳವಾಗಿ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಫ್ಲೋರೈಡ್ ಎಲುಬಿನಲ್ಲಿ ಕೂರುತ್ತದೆ, ಬೆನ್ನುಮೂಳೆಯ ಕಟ್ಟುಗಳು ಗಟ್ಟಿಯಾಗುತ್ತವೆ. ಶುರುವಿನಲ್ಲಿ ಕಾಣುವುದು ಸಾಮಾನ್ಯ ನಡುನೋವು, ಬಿಗಿತ ಮಾತ್ರ. ಬಲಿತಾಗ ಬೆನ್ನುಹುರಿಯೇ ಅದುಮಿಕೊಂಡು ಕಾಲುಗಳ ಬಲ ಕುಂದಬಹುದು. ಎಲುಬು ಸೇರಿದ ಫ್ಲೋರೈಡನ್ನು ಯಾವ ಸೂಜಿಯೂ ತೆಗೆಯಲಾರದು. ನಾಲ್ಕು ದಿನ ನೋವು ಮರೆತು, ರೋಗಿ ಅದೇ ನೀರನ್ನು ಕುಡಿಯುತ್ತ ಹೋದರೆ ಆಗುವುದು ಹಾನಿಯೇ. ಈ ಅಪಾಯ ನನ್ನನ್ನು ಬಹಳ ಕಾಡುತ್ತದೆ.

ಅನುಮಾನ ಮೂಡಿಸಿಕೊಳ್ಳಲು ದೊಡ್ಡ ಯಂತ್ರವೇನೂ ಬೇಡ. ಮೊಣಕಾಲು ಬಗ್ಗಿಸದೆ ನೆಲದ ಮೇಲಿನ ನಾಣ್ಯ ಎತ್ತಲು ಹೇಳಬೇಕು, ಗದ್ದವನ್ನು ಎದೆಗೆ ತಾಗಿಸಲು ಹೇಳಬೇಕು, ಕೈಗಳನ್ನು ಚಾಚಿ ಮಡಚಿ ತಲೆಯ ಹಿಂಬದಿ ಮುಟ್ಟಲು ಹೇಳಬೇಕು. ಆಗದಿದ್ದರೆ ಮುಂಗೈ ಮತ್ತು ಬೆನ್ನಿನ ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಪರೀಕ್ಷೆ ನಡೆಯಬೇಕು. ಜ್ವರ ಬಂದು ತೂಕ ಇಳಿದವರಲ್ಲಿ ಬೆನ್ನುಮೂಳೆಯ ಕ್ಷಯವನ್ನೂ ಶಂಕಿಸಬೇಕು. ಕಾಲು ಸೋತವರನ್ನು, ಮೂತ್ರದ ಹಿಡಿತ ತಪ್ಪಿದವರನ್ನು ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಈ ಸೀಮೆಯಲ್ಲಿ ಸೂಜಿ ಚಿಕಿತ್ಸೆ ಕೊಡುವವರು ರೋಗಿಯ ಚೀಟಿಯಲ್ಲಿ ವಯಸ್ಸು, ಕಸುಬಿನ ಜೊತೆಗೇ ಯಾವ ಊರಿನ ಯಾವ ನೀರು, ಎಷ್ಟು ವರ್ಷದಿಂದ ಎಂಬುದನ್ನೂ ಬರೆದಿಡಬೇಕು.