ಫೇತ್ ರಿಂಗೋಲ್ಡ್: ಕೌದಿಯಲ್ಲಿ ಕಥೆ ಹೊಲಿದ ಕಲಾವಿದೆ

ಹೊದೆಯುವ ಕೌದಿಯನ್ನು ಕಲಾಕೃತಿಯಾಗಿ ವಸ್ತುಸಂಗ್ರಹಾಲಯದ ಗೋಡೆಗೇರಿಸಿದವರಲ್ಲಿ ಅಮೆರಿಕದ ಕಪ್ಪು ಕಲಾವಿದೆ ಫೇತ್ ರಿಂಗೋಲ್ಡ್ (1930–2024) ಪ್ರಮುಖರು. ಅವರು ಜನಿಸಿದ್ದು ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ. ತಾಯಿ ವಿಲ್ಲಿ ಪೋಸಿ ವಸ್ತ್ರವಿನ್ಯಾಸಕಿ. ಗುಲಾಮಗಿರಿಯ ಕಾಲದಿಂದಲೂ ಅವರ ಮನೆತನದ ಹೆಂಗಸರು ಕೌದಿ ಹೊಲಿಯುತ್ತಿದ್ದರು.

ನಗರದ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದ ರಿಂಗೋಲ್ಡ್, 1960ರ ದಶಕದಲ್ಲಿ ವರ್ಣಭೇದವನ್ನು ಕುರಿತ ತೈಲಚಿತ್ರಗಳನ್ನು ರಚಿಸಿದರು. 1972ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಂಡ ಟಿಬೆಟಿನ ಥಾಂಗ್ಕಾಗಳು ಅವರನ್ನು ಬಟ್ಟೆಯತ್ತ ಸೆಳೆದವು. ಚೌಕಟ್ಟಿಲ್ಲದ ಇಂತಹ ಚಿತ್ರಗಳನ್ನು ಸುರುಳಿ ಸುತ್ತಿ ಒಬ್ಬರೇ ಒಯ್ಯಬಹುದಿತ್ತು. 1980ರಲ್ಲಿ ತಾಯಿಯೊಡಗೂಡಿ ಮೊದಲ ಕೌದಿ 'ಎಕೋಸ್ ಆಫ್ ಹಾರ್ಲೆಮ್' ಸಿದ್ಧಪಡಿಸಿದರು. ಮರುವರ್ಷ ತಾಯಿ ತೀರಿಕೊಂಡರು.

ರಿಂಗೋಲ್ಡ್ ಬರೆದ ಆತ್ಮಕಥೆಗೆ ಆಗ ಪ್ರಕಾಶಕರು ದೊರೆಯಲಿಲ್ಲ. ಹೇಳಬೇಕಾದುದನ್ನು ಅವರು ಕೌದಿಯ ಮೇಲೆಯೇ ಬರೆದರು. 1983ರಲ್ಲಿ ಮೊದಲ 'ಕಥಾಕೌದಿ' ರೂಪುಗೊಂಡಿತು. ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಚಿತ್ರ, ಸುತ್ತಲೂ ಬಟ್ಟೆ ತುಂಡುಗಳ ಅಂಚು, ಜೊತೆಗೆ ಕೈಬರಹದ ಕಥೆ: ಇದು ಅವರ ಕಥಾಕೌದಿಗಳ ಸ್ವರೂಪ.

ಇವುಗಳಲ್ಲಿ 1988ರ 'ಟಾರ್ ಬೀಚ್' ಹೆಸರುವಾಸಿ. ಹಾರ್ಲೆಮ್‌ನ ಮನೆಯೊಂದರ ತಾರಸಿಯಲ್ಲಿ ಮಲಗಿದ ಎಂಟು ವರ್ಷದ ಕ್ಯಾಸಿ, ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ ಹಾರುತ್ತಾಳೆ. ಆ ಸೇತುವೆ ಕಟ್ಟಲು ದುಡಿದ ಅವಳ ತಂದೆಗೆ ಕಾರ್ಮಿಕ ಸಂಘದ ಸದಸ್ಯತ್ವವಿಲ್ಲ. ಮಗಳು ಸಂಘದ ಕಟ್ಟಡದ ಮೇಲೂ ಹಾರಿ ಅದನ್ನು ತಂದೆಯದಾಗಿಸುವ ಕನಸು ಕಾಣುತ್ತಾಳೆ. ಈ ಕೌದಿ ಇಂದು ನ್ಯೂಯಾರ್ಕ್‌ನ ಗುಗನ್‌ಹೈಮ್ ಸಂಗ್ರಹದಲ್ಲಿದೆ. 1991ರಲ್ಲಿ ಮಕ್ಕಳ ಪುಸ್ತಕವಾಗಿಯೂ ಬಂದು ಕ್ಯಾಲ್ಡಿಕಾಟ್ ಗೌರವ ಪಡೆಯಿತು.

ಆತ್ಮಕಥೆ ಕೊನೆಗೂ ಪ್ರಕಟವಾದದ್ದು 1995ರಲ್ಲಿ. ಅಷ್ಟರಲ್ಲಿ ಕೌದಿಗಳು ಅವರ ಮಾತನ್ನು ಜನರಿಗೆ ತಲುಪಿಸಿಯಾಗಿತ್ತು.